ಗುಲಾಮರಲ್ಲೂ ಮೇಲು ಕೆಳಗು ಇತ್ತಾ? ಅವರೇ ಬರೆದಿಟ್ಟ ಕತೆ ಕೇಳಿ

[ಪರದೆ ಕಪ್ಪು. ದನಿ ಮಾತ್ರ.]

ಒಬ್ಬ ಹುಡುಗ, ಒಬ್ಬಳು ಹುಡುಗಿ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದಾರೆ. ಮದುವೆ ಆಗಬೇಕು ಅಂತಿದ್ದಾರೆ. ಹುಡುಗಿಯ ತಾಯಿ ಮಾತ್ರ ಸುತರಾಂ ಒಪ್ಪುತ್ತಿಲ್ಲ. ಹತ್ತಿರದಲ್ಲೇ ಇನ್ನೊಬ್ಬ ಹುಡುಗನಿದ್ದಾನೆ. ಅವನದು ದೊಡ್ಡ ಮನೆ. ಮಗಳನ್ನು ಕೊಟ್ಟರೆ ಅಲ್ಲಿಗೇ ಕೊಡಬೇಕು ಅಂತ ತಾಯಿಯ ಹಟ.

ನಮ್ಮ ಬೀದಿಯಲ್ಲೂ ನಡೆಯೋ ಕತೆ, ಅಲ್ವಾ? ಆದರೆ ಇಲ್ಲಿ ಹುಡುಗ ಗುಲಾಮ. ಹುಡುಗಿಯೂ ಗುಲಾಮಳು. ತಾಯಿ ಮೆಚ್ಚಿದ ಆ ಇನ್ನೊಬ್ಬ ಹುಡುಗನೂ ಗುಲಾಮನೇ. ದೊಡ್ಡ ಮನೆ ಅವನದಲ್ಲ, ಅವನ ಒಡೆಯನದು.

[ಪರದೆ ಮೇಲೆ: ಕೆಂಟಕಿ, ಅಮೆರಿಕ. 1830ರ ದಶಕ.]

ನಮಸ್ಕಾರ. ಆ ಹುಡುಗನ ಹೆಸರು ಹೆನ್ರಿ ಬಿಬ್. ಹುಡುಗಿ ಮಲಿಂಡಾ. ಬಿಬ್ ಮುಂದೆ ಗುಲಾಮಗಿರಿಯಿಂದ ತಪ್ಪಿಸಿಕೊಂಡರು. 1849ರಲ್ಲಿ ತಮ್ಮ ಬದುಕಿನ ಕತೆಯನ್ನು ತಾವೇ ಬರೆದು ಪುಸ್ತಕ ಮಾಡಿದರು. ಅದರಲ್ಲಿ ಈ ಮದುವೆಯ ಗಲಾಟೆ ಬರುತ್ತದೆ. ಅಲ್ಲೇ ಅವರು ಒಂದು ಮಾತು ಹೇಳುತ್ತಾರೆ. ಗುಲಾಮರ ನಡುವಿನ ಅಂತರ ಯಾವ ಸಿರಿವಂತ ಸಮಾಜದ ಅಂತರಕ್ಕೂ ಕಡಿಮೆ ಇರಲಿಲ್ಲ. ಗುಣ, ಮೈಬಣ್ಣ, ಸ್ಥಿತಿಗತಿ, ಒಡೆಯನ ದೊಡ್ಡಸ್ತಿಕೆ, ಇದರಲ್ಲಿ ಯಾವುದರಲ್ಲಾದರೂ ತಮಗಿಂತ ಕೆಳಗಿನವರು ಅನ್ನಿಸಿದರೆ ಕೆಲವರು ಅವರ ಜೊತೆ ಸೇರುತ್ತಲೇ ಇರಲಿಲ್ಲವಂತೆ.

ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಕುತ್ತಿಗೆಗೆ ಒಂದೇ ಹಗ್ಗ ಬಿದ್ದಿರುವಾಗ ಇದೆಂಥ ಮೇಲು ಕೆಳಗು ಅಂತ ಬೇಜಾರಾಯಿತು. ಆಮೇಲೆ ಇಂಥ ಕತೆಗಳನ್ನು ಒಂದೊಂದಾಗಿ ಓದುತ್ತಾ ಹೋದೆ. ಬೇಜಾರು ಹೋಗಿ ಬೇರೇನೋ ಬಂತು. ಅದನ್ನೇ ಇವತ್ತು ನಿಮ್ಮ ಜೊತೆ ಹಂಚಿಕೊಳ್ಳಬೇಕು.

ಮೊದಲು ಆ ತಾಯಿಯ ವಿಷಯ ಮುಗಿಸೋಣ. ಅವಳು ಮೆಚ್ಚಿದ ಹುಡುಗ ಒಬ್ಬ ಭಾರಿ ಶ್ರೀಮಂತನ ಗುಲಾಮ. ಅಷ್ಟೇ ಅಲ್ಲ, ಆ ಶ್ರೀಮಂತನಿಗೇ ಹುಟ್ಟಿದ ಮಗ. ಊರಿಗೆಲ್ಲ ಅದು ಗೊತ್ತು. ಸಾಯುವ ಮುಂಚೆ ಅಪ್ಪನ ಮನಸ್ಸು ಕರಗಿ ಮಗನನ್ನು ಬಿಡುಗಡೆ ಮಾಡಿದರೂ ಮಾಡಬಹುದು. ಹಾಗಾದರೆ ಅವನು ತನ್ನ ಮಗಳನ್ನು ಚೆನ್ನಾಗಿ ನೋಡಿಕೊಂಡಾನು. ಬಿಬ್‌ಗೆ ಅಂಥ ಯಾವ ದಾರಿಯೂ ಇರಲಿಲ್ಲ. ತಾಯಿಯ ಮನಸ್ಸಿನಲ್ಲಿ ಇದೇ ಇದ್ದಿರಬೇಕು ಅಂತ ಬಿಬ್ ಅವರೇ ಬರೆಯುತ್ತಾರೆ. ಈಗ ಹೇಳಿ, ಇದನ್ನು ಬರೀ ಜಂಬ ಅನ್ನೋಕಾಗುತ್ತಾ? ಮಗಳ ಮುಂದೆ ಇದ್ದ ಒಂದೇ ಒಂದು ಸಣ್ಣ ಕಿಂಡಿಯನ್ನು ಆ ತಾಯಿ ಗುರುತಿಸಿದ್ದಳು.

[ಪರದೆ ಮೇಲೆ: ಅಮೆರಿಕದ ದಕ್ಷಿಣ ರಾಜ್ಯಗಳ ನಕ್ಷೆ.]

1860ರ ಜನಗಣತಿಯ ಹೊತ್ತಿಗೆ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. ಸಿನಿಮಾಗಳಲ್ಲಿ ನೋಡಿ ನೋಡಿ ನಮ್ಮ ತಲೆಯಲ್ಲಿ ಒಂದೇ ಚಿತ್ರ ಕೂತಿದೆ. ಹತ್ತಿ ಹೊಲ, ಬಗ್ಗಿದ ಬೆನ್ನು, ಕುದುರೆ ಮೇಲೆ ಚಾಟಿ ಹಿಡಿದವನು. ಅದು ಸುಳ್ಳಲ್ಲ. ಆದರೆ ಅಡುಗೆಯವರು, ಕಮ್ಮಾರರು, ಬಡಗಿಗಳು, ಗಾಡಿ ಹೊಡೆಯುವವರು, ಹಡಗುಕಟ್ಟೆಯ ಕೆಲಸಗಾರರು, ಸೂಲಗಿತ್ತಿಯರು, ಹೊಲಿಗೆಯವರು, ಇವರೂ ಗುಲಾಮರೇ. ಹೊಲದಲ್ಲಿ ಉಳಿದವರ ಮೇಲೆ ನಿಗಾ ಇಡುವ ಮೇಸ್ತ್ರಿ ಕೂಡ ಎಷ್ಟೋ ಕಡೆ ಗುಲಾಮನೇ.

ಇದನ್ನು ಕಣ್ಣಿಗೆ ಕಟ್ಟುವಂತೆ ಬರೆದವರು ಫ್ರೆಡರಿಕ್ ಡಗ್ಲಸ್. ಗುಲಾಮರಾಗಿಯೇ ಹುಟ್ಟಿದ್ದು, ಮೇರಿಲ್ಯಾಂಡ್ ರಾಜ್ಯದಲ್ಲಿ, 1818ರ ಸುಮಾರಿಗೆ. ಬಾಲ್ಯದ ಒಂದಷ್ಟು ಕಾಲ ಕಳೆದದ್ದು ಕರ್ನಲ್ ಲಾಯ್ಡ್ ಅನ್ನುವವನ ತೋಟದಲ್ಲಿ. ಆ ತೋಟದಲ್ಲಿ 300ರಿಂದ 400 ಗುಲಾಮರಿದ್ದರು. ದುಡಿಯುವ ಒಬ್ಬರಿಗೆ ತಿಂಗಳ ಪಡಿ ಅಂದರೆ 8 ಪೌಂಡ್ ಹಂದಿಮಾಂಸ, ಇಲ್ಲವೇ ಅಷ್ಟೇ ಮೀನು, ಜೊತೆಗೆ ಒಂದು ಬುಶೆಲ್, ಅಂದರೆ ಸುಮಾರು 35 ಲೀಟರ್ ಅಳತೆಯಷ್ಟು ಮೆಕ್ಕೆಜೋಳದ ಹಿಟ್ಟು. ಮಾಂಸ ಮೂರೂವರೆ ಕೆಜಿಗಿಂತ ಒಂಚೂರು ಜಾಸ್ತಿ ಅಷ್ಟೇ. ಅದರಲ್ಲೇ ತಿಂಗಳು ತಳ್ಳಬೇಕು. ಕೆಲಸಕ್ಕೆ ಬಾರದ ಸಣ್ಣ ಮಕ್ಕಳಿಗೆ ವರ್ಷಕ್ಕೆ ಎರಡು ಒರಟು ಅಂಗಿ. ಹರಿದು ಹೋದರೆ ಮುಂದಿನ ವರ್ಷದವರೆಗೆ ಬರಿ ಮೈ. ಚಳಿಗೆ ತನ್ನ ಪಾದ ಎಷ್ಟು ಸೀಳಿತ್ತು ಅಂದರೆ, ಈಗ ಬರೆಯುತ್ತಿರುವ ಈ ಲೇಖನಿಯನ್ನೇ ಆ ಬಿರುಕಿನಲ್ಲಿ ಮಲಗಿಸಬಹುದಿತ್ತು ಅಂತಾರೆ ಡಗ್ಲಸ್.

ಅದೇ ತೋಟದ ದೊಡ್ಡಮನೆಯೊಳಗೆ ಹೋಗಿ. ಊಟದ ಮೇಜಿನ ಸುತ್ತ ನಿಂತ ಕೆಲಸದವರೂ ಗುಲಾಮರೇ. ಹೆಣ್ಣಾಳು ನಡೆದರೆ ರೇಷ್ಮೆ ಸರಬರ ಅನ್ನುತ್ತದೆ. ಚಿಕ್ಕ ಯಜಮಾನಿ ಹೆಚ್ಚು ಉಡದೆ ಬಿಟ್ಟ ರೇಷ್ಮೆ ಅದು. ಗಂಡಾಳುಗಳ ಮೈಮೇಲೆ ಚಿಕ್ಕ ಧಣಿಗಳ ಬಟ್ಟೆ. ಡಗ್ಲಸ್ ಇವರನ್ನು ತೋಟದ ಕಪ್ಪು ಸಿರಿವಂತರು ಅಂತಲೇ ಕರೆದರು. ಮೈಬಣ್ಣ ಬಿಟ್ಟರೆ ಹೊಲದಾಳುಗಳಿಗೂ ಇವರಿಗೂ ಯಾವ ಹೋಲಿಕೆಯೂ ಇರಲಿಲ್ಲವಂತೆ. ಮಾತು, ನಡೆ, ರುಚಿ ಎಲ್ಲದರಲ್ಲೂ ಅಂತರ.

ಇನ್ನೊಂದು ಸಂಗತಿ. ಬೇರೆ ಬೇರೆ ಒಡೆಯರ ಗುಲಾಮರು ಸಿಕ್ಕಾಗ ಜಗಳ ಶುರುವಾಗುತ್ತಿತ್ತು. ಏನಂತ? ನಮ್ಮ ಧಣಿ ದೊಡ್ಡವನಾ, ನಿಮ್ಮ ಧಣಿ ದೊಡ್ಡವನಾ ಅಂತ. ಲಾಯ್ಡ್‌ನ ಆಳುಗಳು ಅವನ ಸಿರಿತನ ಹೊಗಳಿದರೆ, ಜೆಪ್ಸನ್ ಅನ್ನುವವನ ಆಳುಗಳು ಅವನ ಜಾಣತನ, ಗಂಡಸುತನ ಹೊಗಳುತ್ತಿದ್ದರು. ಮಾತು ಕೈ ಕೈ ಮಿಲಾಯಿಸುವ ತನಕ ಹೋಗುತ್ತಿತ್ತು. ಗುಲಾಮನಾಗಿ ಹುಟ್ಟುವುದೇ ಕೆಟ್ಟದ್ದು, ಬಡವನ ಗುಲಾಮನಾಗುವುದು ಇನ್ನೂ ದೊಡ್ಡ ಅವಮಾನ. ಅವರ ಭಾವನೆ ಹೀಗಿತ್ತು ಅಂತ ಡಗ್ಲಸ್ ಬರೆದಿದ್ದಾರೆ.

ಇದನ್ನು ಓದಿ ನಗಬೇಡಿ ಅಂತ ಕೇಳಿಕೊಳ್ಳುತ್ತೇನೆ. ಬಡ ಒಡೆಯ ಸಾಲಕ್ಕೆ ಸಿಕ್ಕಿದರೆ ಮೊದಲು ಮಾರುವುದು ಯಾರನ್ನು? ಗುಲಾಮರನ್ನೇ. ತಾಯಿ ಒಂದು ಕಡೆ, ಮಕ್ಕಳು ಒಂದು ಕಡೆ. ಒಡೆಯನ ಕೈ ಬಿಗಿಯಾದರೆ ಆಳಿನ ತಟ್ಟೆ ಖಾಲಿ. ಅಂದಮೇಲೆ ಒಡೆಯ ಸಿರಿವಂತನೋ ಬಡವನೋ ಅನ್ನೋದು ಅವರ ಪಾಲಿಗೆ ಅನ್ನದ ಪ್ರಶ್ನೆ, ಮಕ್ಕಳ ಪ್ರಶ್ನೆ.

ಒಡೆಯ ಕೊಟ್ಟ ಅಂತಸ್ತು ಒಂದಾದರೆ, ಅವರೇ ಕೊಟ್ಟುಕೊಂಡ ಗೌರವ ಬೇರೆ. ತೋಟದ ಕಮ್ಮಾರನನ್ನು ಮಕ್ಕಳು ಅಂಕಲ್ ಟೋನಿ ಅನ್ನುತ್ತಿದ್ದರು. ಗಾಡಿ ಮಾಡುವವರು ಅಂಕಲ್ ಹ್ಯಾರಿ. ಬೂಟು ಹೊಲಿಯುವವರು ಅಂಕಲ್ ಏಬಲ್. ನಾವು ದೊಡ್ಡವರನ್ನು ಮಾಮ, ದೊಡ್ಡಪ್ಪ ಅಂತ ಕರೆಯುತ್ತೇವಲ್ಲ, ಹಾಗೆ. ಅವರೇನು ನೆಂಟರಲ್ಲ. ಬರೀ ಹೆಸರು ಹಿಡಿದು ಕೂಗುವ ಹಾಗಿಲ್ಲ, ಅಷ್ಟೇ. ಹಿರಿಯರಿಗೆ ಮರ್ಯಾದೆ ಕೊಡುವ ಕಟ್ಟಳೆ ಇಷ್ಟು ಬಿಗಿಯಾಗಿ ನಡೆಯುತ್ತಿದ್ದದ್ದನ್ನು ಬೇರೆ ಯಾವ ಜನರಲ್ಲೂ ಕಾಣೆ ಅಂತಾರೆ ಡಗ್ಲಸ್. ನನಗಂತೂ ಇಡೀ ಪುಸ್ತಕದಲ್ಲಿ ಇದು ತುಂಬ ಹಿಡಿಸಿತು. ಬಿಳಿಯರ ಲೆಕ್ಕದ ಪುಸ್ತಕದಲ್ಲಿ ದನ, ಕುದುರೆಗಳ ಜೊತೆ ಇವರ ಹೆಸರು. ಇವರ ಗುಡಿಸಲುಗಳಲ್ಲಿ ಮಾತ್ರ ಅವರು ಅಂಕಲ್ ಟೋನಿ.

[ಪರದೆ ಮೇಲೆ: ಒಂದು ಹೊಳೆಯ ದಡ. ಸಂಜೆ.]

ಡಗ್ಲಸ್‌ಗೆ ಏಳೆಂಟು ವರ್ಷವಾದಾಗ ಒಂದು ಸುದ್ದಿ ಬಂತು. ನಿನ್ನನ್ನು ಬಾಲ್ಟಿಮೋರ್ ನಗರಕ್ಕೆ ಕಳಿಸುತ್ತೇವೆ ಅಂತ. ನಗರದವರು ತುಂಬ ಚೊಕ್ಕಟ, ಕೊಳೆ ಕಂಡರೆ ನಗುತ್ತಾರೆ, ಕೊಳೆಯೆಲ್ಲ ಹೋದರೆ ನಿನಗೊಂದು ಚಡ್ಡಿ ಸಿಗುತ್ತದೆ ಅಂದರು. ಆ ಹುಡುಗ ಜೀವನದಲ್ಲಿ ಚಡ್ಡಿ ಹಾಕಿದವನೇ ಅಲ್ಲ. ಮೂರು ದಿನದ ಬಹುಪಾಲು ಹೊಳೆಯಲ್ಲೇ ಕೂತು ಕಾಲು, ಮಂಡಿಯ ಸತ್ತ ಚರ್ಮ ಉಜ್ಜಿದ. ಕೊಳೆ ಯಾಕೆ, ಚರ್ಮವನ್ನೇ ಕಿತ್ತು ಹಾಕುವಷ್ಟು ಆಸೆಯಿತ್ತು ಅಂತ ಮುಂದೆ ನೆನೆಸಿಕೊಳ್ಳುತ್ತಾರೆ. ಗುಲಾಮರೊಳಗೆ ಒಂದು ಮೆಟ್ಟಿಲು ಮೇಲೇರುವುದು ಅಂದರೆ ಆ ಮಗುವಿಗೆ ಅದು: ಒಂದು ಚಡ್ಡಿ.

ನಗರದ ಗುಲಾಮ ತೋಟದ ಗುಲಾಮನಿಗೆ ಹೋಲಿಸಿದರೆ ಹೆಚ್ಚುಕಡಿಮೆ ಸ್ವತಂತ್ರ ಮನುಷ್ಯ ಅಂತ ಅವರು ಬರೆದಿದ್ದಾರೆ. ಹೊಟ್ಟೆಗೆ ಬಟ್ಟೆಗೆ ಅನುಕೂಲ. ಅಕ್ಕಪಕ್ಕದವರು ನೋಡುತ್ತಾರಲ್ಲ ಅನ್ನುವ ನಾಚಿಕೆಗೆ ಒಡೆಯರೂ ಸ್ವಲ್ಪ ಕೈ ತಡೆಯುತ್ತಿದ್ದರು. ಅಲ್ಲಿಯೇ ಅವರು ಓದಲು ಕಲಿತದ್ದು. ಮುಂದೆ ಹಡಗಿನ ಹಲಗೆಗಳ ಸಂದಿಗೆ ನಾರು ತುರುಕಿ ನೀರು ನುಗ್ಗದಂತೆ ಮಾಡುವ ಕಸುಬು ಕಲಿತರು. ದಿನಕ್ಕೆ ಒಂದೂವರೆ ಡಾಲರ್ ಕೂಲಿ. ವಾರದ ಕೊನೆಗೆ ಅಷ್ಟೂ ದುಡ್ಡನ್ನು ಒಡೆಯನ ಕೈಗೆ ಎಣಿಸಿ ಕೊಡಬೇಕು. ಆರು ಡಾಲರ್ ತಂದುಕೊಟ್ಟಾಗ ಒಡೆಯ ಕೆಲವೊಮ್ಮೆ ಆರು ಸೆಂಟ್ ವಾಪಸ್ ಕೊಡುತ್ತಿದ್ದ. ಈ ಆರು ಸೆಂಟ್ ಡಗ್ಲಸ್ ಅವರನ್ನು ಸಮಾಧಾನ ಮಾಡುವ ಬದಲು ಕೆರಳಿಸಿತು. ಒಂಚೂರು ಕೊಡುತ್ತಾನೆ ಅಂದರೆ ಪೂರ್ತಿ ನನ್ನದೇ ಅಂತ ಒಪ್ಪಿದಂತಾಯಿತಲ್ಲ ಅನ್ನೋದು ಅವರ ವಾದ. 1838ರ ಸೆಪ್ಟೆಂಬರ್ 3ರಂದು ಅವರು ಬಾಲ್ಟಿಮೋರ್ ಬಿಟ್ಟು ಓಡಿದರು.

[ಪರದೆ ಮೇಲೆ: ಕುಲುಮೆ, ಬೆಂಕಿ.]

ಹಾಗಾದರೆ ಮೇಲಿನ ಮೆಟ್ಟಿಲಲ್ಲಿ ಇದ್ದವರಿಗೆ ನೋವು ಕಡಿಮೆ ಇತ್ತಾ?

ಜೇಮ್ಸ್ ಪೆನ್ನಿಂಗ್ಟನ್ ಅಂತ ಒಬ್ಬ ಕಮ್ಮಾರರು. ಅವರೂ ಮೇರಿಲ್ಯಾಂಡಿನವರೇ. ಕೆಲಸದಲ್ಲಿ ಬಹಳ ಹೆಮ್ಮೆ. ಇಷ್ಟು ದಿನ ತಾನು ಗುಲಾಮನಾಗಿ ಇದ್ದುಬಿಟ್ಟದ್ದಕ್ಕೆ ಕಮ್ಮಾರನ ಆ ಹೆಮ್ಮೆಯೂ ಒಂದು ಕಾರಣ ಅಂತ ಅವರು ಬಿಚ್ಚು ಮನಸ್ಸಿನಿಂದ ಒಪ್ಪಿಕೊಳ್ಳುತ್ತಾರೆ. ಇಂಥ ಮಾತು ಬರೆಯೋಕೆ ಎದೆಗಾರಿಕೆ ಬೇಕು. ಒಂದು ದಿನ ಒಡೆಯ ಅವರ ಅಪ್ಪನಿಗೆ ಚಾಟಿಯಿಂದ ಬಾರಿಸಿದ. ಆ ಘಟನೆಯಾದ ಮೇಲೂ ಅಲ್ಲಿ ಸ್ವಲ್ಪ ಕಾಲ ಇದ್ದೆ, ಆದರೆ ಮನಸ್ಸಿನಲ್ಲಿ ಮತ್ತೆಂದೂ ಗುಲಾಮನಾಗಿರಲಿಲ್ಲ ಅಂತಾರೆ. 1827ರಲ್ಲಿ ತಪ್ಪಿಸಿಕೊಂಡರು.

ಇನ್ನೊಬ್ಬರು ವಿಲಿಯಂ ವೆಲ್ಸ್ ಬ್ರೌನ್. ಅವರ ಪುಸ್ತಕ ಬಂದದ್ದು 1847ರಲ್ಲಿ. ಮಿಸ್ಸೂರಿಯಲ್ಲಿ ಹುಡುಗನಾಗಿದ್ದಾಗ ಅವರಿಗೆ ಮನೆಯೊಳಗಿನ ಕೆಲಸ. ಒಳ್ಳೆಯ ಊಟ, ಒಳ್ಳೆಯ ಬಟ್ಟೆ. ಬೆಳಗಿನ ಜಾವ ಹೊಲದವರಿಗೆ ಗಂಟೆ ಬಾರಿಸಿದಾಗ ಇವರು ಏಳಬೇಕಿಲ್ಲ, ಇನ್ನೂ ಅರ್ಧ ಗಂಟೆ ಮಲಗಬಹುದು. ಅವರ ತಾಯಿಗೆ ಹೊಲದ ಕೆಲಸ. ಒಂದು ಬೆಳಿಗ್ಗೆ ತಾಯಿ ಹೊಲ ಮುಟ್ಟುವುದು ಹತ್ತು ಹದಿನೈದು ನಿಮಿಷ ತಡವಾಯಿತು. ಚಾಟಿಯ ಸದ್ದು. ಆಮೇಲೆ ಕೂಗು. ಅದು ತನ್ನ ಅಮ್ಮನ ದನಿ ಅಂತ ಮಗನಿಗೆ ಗೊತ್ತಾಯಿತು. ಎದ್ದು ಬಾಗಿಲಿಗೆ ಓಡಿದ. ಅಷ್ಟೇ. ಮುಂದೆ ಹೋಗುವ ಧೈರ್ಯ ಬರಲಿಲ್ಲ. ವಾಪಸ್ ಬಂದು ಅಳುತ್ತಾ ಹಾಸಿಗೆಯಲ್ಲಿ ಬಿದ್ದುಕೊಂಡ.

ಮನೆಯಾಳು, ಹೊಲದಾಳು ಅಂತ ಎರಡು ಪಂಗಡ ಮಾಡಿ ಮಾತಾಡುವ ರೂಢಿಯಿದೆ. 1963ರಲ್ಲಿ ಅಮೆರಿಕದ ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಒಂದು ಭಾಷಣದಲ್ಲಿ ಮನೆಯಾಳು ಅಂದರೆ ಒಡೆಯನ ಕಡೆಯವನು, ಹೊಲದಾಳು ಅಂದರೆ ತಿರುಗಿ ಬೀಳುವವನು ಅನ್ನುವ ರೀತಿ ಹೇಳಿದ ಮೇಲೆ ಅದು ಇನ್ನೂ ಗಟ್ಟಿಯಾಯಿತು. ಅವರು ತಮ್ಮ ಕಾಲದ ರಾಜಕೀಯಕ್ಕಾಗಿ ಆ ಮಾತು ಆಡಿದರು, ಅದು ಬೇರೆ. ಈ ಕತೆಗಳ ಮುಂದೆ ಮಾತ್ರ ಆ ಗೆರೆ ನಿಲ್ಲುವುದಿಲ್ಲ. ಮನೆಯಾಳು ಮಗ, ಹೊಲದಾಳು ತಾಯಿ. ಗೆರೆ ಎಲ್ಲಿ ಎಳೀತೀರಿ?

ಜೊತೆಗೆ, ಓಡಿಹೋಗಿ ಪುಸ್ತಕ ಬರೆದವರಲ್ಲಿ ಬಹಳಷ್ಟು ಜನ ಇದೇ ಮೇಲಿನ ಮೆಟ್ಟಿಲಿನವರು. ಜಾರ್ಜಿಯಾದ ಮೇಕನ್ ಪಟ್ಟಣದ ವಿಲಿಯಂ ಕ್ರಾಫ್ಟ್ ಬಡಗಿ ಕೆಲಸದವರು. ಹೆಂಡತಿ ಎಲೆನ್ ಯಜಮಾನಿಯ ಖಾಸಾ ಆಳು. 1848ರ ಕ್ರಿಸ್‌ಮಸ್ ಹೊತ್ತಿಗೆ ಇಬ್ಬರಿಗೂ ಕೆಲವು ದಿನದ ರಜಾ ಚೀಟಿ ಸಿಕ್ಕಿತು, ನೆಚ್ಚಿನ ಆಳುಗಳು ಅಂತ. ಎಲೆನ್ ಅವರದು ಬಿಳಿ ಮೈಬಣ್ಣ. ಗಂಡಸಿನ ಉಡುಪು ಹಾಕಿ, ಕಾಯಿಲೆಯ ಬಿಳಿ ಧಣಿಯಂತೆ ನಟಿಸಿ, ಗಂಡನನ್ನೇ ಆಳು ಅಂತ ಜೊತೆಗಿಟ್ಟುಕೊಂಡು ರೈಲು ಹತ್ತಿದರು. ಬರೆಯಲು ಬಾರದು, ಸಹಿ ಕೇಳಿದರೆ ಸಿಕ್ಕಿಬೀಳುತ್ತಾರೆ. ಅದಕ್ಕೆ ಬಲಗೈಗೆ ಬಟ್ಟೆ ಕಟ್ಟಿ ಕುತ್ತಿಗೆಗೆ ನೇತು ಹಾಕಿಕೊಂಡಿದ್ದರು.

ಹಾಗಾಗಿ ಒಂದು ಎಚ್ಚರ ಬೇಕು. ಬೆಳಗಿನಿಂದ ರಾತ್ರಿವರೆಗೆ ಹೊಲದಲ್ಲೇ ದುಡಿದು ಸತ್ತವರಲ್ಲಿ ಪುಸ್ತಕ ಬರೆದವರು ತೀರಾ ಕಡಿಮೆ. 1936ರಿಂದ 1938ರ ನಡುವೆ ಸರ್ಕಾರಿ ಯೋಜನೆಯೊಂದರಲ್ಲಿ ಬದುಕುಳಿದ ಮಾಜಿ ಗುಲಾಮರನ್ನು ಮಾತಾಡಿಸಿ 2,300ಕ್ಕೂ ಹೆಚ್ಚು ಕತೆಗಳನ್ನು ಬರೆದಿಟ್ಟರು. ಅಲ್ಲಿ ಹೊಲದವರ ದನಿ ಸಿಗುತ್ತದೆ. ಆದರೆ ಆಗ ಅವರಿಗೆ ತುಂಬ ವಯಸ್ಸಾಗಿತ್ತು. ಗುಲಾಮಗಿರಿ ಅವರ ಬಾಲ್ಯದ ನೆನಪು.

[ಪರದೆ ಮೇಲೆ: ಈಡೆಂಟನ್, ನಾರ್ತ್ ಕೆರೊಲಿನಾ. 1831.]

ಇನ್ನು ಹೆಂಗಸರ ಕತೆ. ಅವರ ಪಾಲಿಗೆ ಒಡೆಯನ ಮನೆಯೊಳಗಿನ ಕೆಲಸ ಅಂದರೆ ಒಡೆಯನ ಕಣ್ಣಳತೆಯಲ್ಲೇ ಇರುವುದು. ಹ್ಯಾರಿಯೆಟ್ ಜೇಕಬ್ಸ್ ಇದನ್ನು ಬೇರೆ ಹೆಸರಿನಲ್ಲಿ 1861ರಲ್ಲಿ ಬರೆದರು. ಅವರ ಅಪ್ಪ ಬಡಗಿ, ಎಷ್ಟು ಒಳ್ಳೆಯ ಕೆಲಸಗಾರ ಅಂದರೆ ವರ್ಷಕ್ಕೆ 200 ಡಾಲರ್ ಯಜಮಾನಿಗೆ ಕಟ್ಟಿ ತನ್ನ ಪಾಡಿಗೆ ತಾನು ದುಡಿಯಬಹುದಿತ್ತು. ಆ ಮನೆಯಲ್ಲಿ ಬೆಳೆದ ಹ್ಯಾರಿಯೆಟ್‌ಗೆ ಆರು ವರ್ಷವಾಗುವ ತನಕ ತಾನು ಗುಲಾಮಳು ಅನ್ನೋದೇ ಗೊತ್ತಿರಲಿಲ್ಲ. ಹದಿನೈದಕ್ಕೆ ಒಡೆಯ ಬೆನ್ನು ಬಿದ್ದ. ಅವನಿಂದ ತಪ್ಪಿಸಿಕೊಳ್ಳಲು ಕೊನೆಗೆ ಅಜ್ಜಿಯ ಮನೆಯ ಅಟ್ಟದಲ್ಲಿ ಅಡಗಿದರು. ಒಂಬತ್ತು ಅಡಿ ಉದ್ದ, ಏಳು ಅಡಿ ಅಗಲ. ಎತ್ತರ, ಅತಿ ಹೆಚ್ಚಿರುವ ಕಡೆ ಮೂರು ಅಡಿ. ಅಲ್ಲಿ ಸುಮಾರು ಏಳು ವರ್ಷ ಇದ್ದರು.

ಅದಕ್ಕೆ ಮೊದಲಿನ ಒಂದು ಘಟನೆ ಹೇಳಬೇಕು. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಅನ್ನುವ ಗುಲಾಮ ದಂಗೆ ಎದ್ದ. ಸುತ್ತಮುತ್ತ ಬಿಳಿಯರಿಗೆಲ್ಲ ದಿಗಿಲು. ಈಡೆಂಟನ್ ಪಟ್ಟಣದಲ್ಲಿ ಕಪ್ಪು ಜನರ ಮನೆ ಮನೆ ಶೋಧನೆ. ಶೋಧನೆಗೆ ಬಂದವರಲ್ಲಿ ಎಷ್ಟೋ ಜನ ಗುಲಾಮರನ್ನು ಇಟ್ಟುಕೊಳ್ಳುವ ಗತಿಯಿಲ್ಲದ ಬಡ ಬಿಳಿಯರು. ಹ್ಯಾರಿಯೆಟ್ ಅವರ ಅಜ್ಜಿ ಆ ಹೊತ್ತಿಗೆ ಬಿಡುಗಡೆ ಪಡೆದಿದ್ದರು, ಬಿಸ್ಕತ್ತು ಸುಟ್ಟು ಮಾರಿ ಬದುಕುತ್ತಿದ್ದರು, ಸ್ವಂತ ಮನೆಯಿತ್ತು.

ಶೋಧನೆ ಬರುತ್ತದೆ ಅಂತ ಗೊತ್ತಾದಾಗ ಹ್ಯಾರಿಯೆಟ್ ಏನು ಮಾಡಿದರು ಗೊತ್ತಾ? ಮನೆಯನ್ನು ಒಪ್ಪವಾಗಿ ಸಿಂಗರಿಸಿದರು. ಮಂಚಗಳ ಮೇಲೆ ಬಿಳಿ ಹೊದಿಕೆ ಹಾಸಿದರು. ಕೋಣೆಗಳಲ್ಲಿ ಹೂವು ಇಟ್ಟರು. ಕಪ್ಪು ಜನ ನೆಮ್ಮದಿಯಿಂದ, ಮರ್ಯಾದೆಯಿಂದ ಬದುಕುವುದನ್ನು ಕಂಡರೆ ಇವರಿಗೆ ಆಗುವಷ್ಟು ಸಂಕಟ ಬೇರೆ ಯಾವುದರಿಂದಲೂ ಆಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಬಂದವರು ಪೆಟ್ಟಿಗೆ ತೆರೆದರು. ಮಡಿಸಿಟ್ಟ ಹಾಸಿಗೆ ಬಟ್ಟೆ, ಮೇಜಿನ ಬಟ್ಟೆ. ಇದೆಲ್ಲ ಎಲ್ಲಿಂದ ಬಂತು ಇವರಿಗೆ ಅಂತ ಒಬ್ಬ ಬೈದ. ಅಜ್ಜಿ ಹೇಳಿದರು: ನಿಮ್ಮ ಮನೆಯಿಂದ ಕದ್ದದ್ದಂತೂ ಅಲ್ಲ.

ಎಲ್ಲರೂ ಹೀಗೆ ತೋರಿಸಿಕೊಳ್ಳುವ ಹಾಗಿರಲಿಲ್ಲ. ನಾರ್ತ್ ಕೆರೊಲಿನಾದ್ದೇ ರಾಜಧಾನಿ ರಾಲೀ ಪಟ್ಟಣದ ಲನ್ಸ್‌ಫರ್ಡ್ ಲೇನ್ ತಂಬಾಕು ಮಾರಿ ದುಡ್ಡು ಕೂಡಿಟ್ಟು, 1,000 ಡಾಲರಿಗೆ ತಮ್ಮ ಬಿಡುಗಡೆ ಕೊಂಡುಕೊಂಡರು. ಎರಡು ವಿಷಯ ಸದಾ ನೆನಪಿನಲ್ಲಿ ಇಟ್ಟಿದ್ದೆ ಅಂತಾರೆ. ಕೈಯಲ್ಲಿ ಕಾಸಿದ್ದರೂ ಬಡವನ ಹಾಗೆ ಕಾಣಬೇಕು. ಎಷ್ಟು ಬುದ್ಧಿ ಇದೆಯೋ ಅಷ್ಟು ತೋರಿಸಬಾರದು.

[ಪರದೆ ಮೇಲೆ: ಹತ್ತಿ ಹೊಲ. ಬಾಯು ಬೀಫ್, ಲೂಸಿಯಾನ.]

ಕೊನೆಗೆ ಮೇಸ್ತ್ರಿಯ ಕತೆ. ಗುಲಾಮರ ಮೇಲೆ ಚಾಟಿ ಬೀಸುವ ಗುಲಾಮ. ಅವನನ್ನು ಯಾವ ಮೆಟ್ಟಿಲಲ್ಲಿ ನಿಲ್ಲಿಸೋಣ?

ಸಾಲಮನ್ ನಾರ್ಥಪ್ ನ್ಯೂಯಾರ್ಕ್ ರಾಜ್ಯದ ಸ್ವತಂತ್ರ ಮನುಷ್ಯ. 1841ರಲ್ಲಿ ವಾಷಿಂಗ್ಟನ್‌ನಲ್ಲಿ ಅವರನ್ನು ಅಪಹರಿಸಿ ದಕ್ಷಿಣಕ್ಕೆ ಮಾರಿದರು. 12 ವರ್ಷದ ಮೇಲೆ, 1853ರಲ್ಲಿ ಬಿಡುಗಡೆಯಾಗಿ ಅದೇ ವರ್ಷ ಪುಸ್ತಕ ಬರೆದರು. ಅವರಿಗೆ ಪಿಟೀಲು ಬರುತ್ತಿತ್ತು. ಒಮ್ಮೆ ಬಿಳಿಯರ ಕುಣಿತದ ಕೂಟದಲ್ಲಿ ನುಡಿಸಿದಾಗ 17 ಡಾಲರ್ ಕೂಡಿತು. ಬಾಯು ಬೀಫ್‌ನಲ್ಲೇ ಅತಿ ಶ್ರೀಮಂತ ಗುಲಾಮ ನಾನು ಅನ್ನಿಸಿತಂತೆ. ನೀರಿನ ಬಕೆಟ್, ಚಾಕು, ಹೊಸ ಬೂಟು, ಕೋಟು, ಟೋಪಿ ಎಲ್ಲ ಕಣ್ಣ ಮುಂದೆ ಬಂದವಂತೆ.

ಒಡೆಯ ಎಡ್ವಿನ್ ಎಪ್ಸ್ ಅವರನ್ನು ಮೇಸ್ತ್ರಿ ಮಾಡಿದ. ಹೊಲದಲ್ಲಿ ಸದಾ ಚಾಟಿ ಕುತ್ತಿಗೆಗೆ ಹಾಕಿಕೊಂಡಿರಬೇಕು. ಬೀಸದಿದ್ದರೆ ತನಗೇ ಏಟು. ನಾರ್ಥಪ್ ಎಂಟು ವರ್ಷದಲ್ಲಿ ಒಂದು ವಿದ್ಯೆ ಕಲಿತರು. ಚಾಟಿಯ ತುದಿ ಬೆನ್ನಿಗೆ, ಕಿವಿಗೆ, ಮೂಗಿಗೆ ಕೂದಲೆಳೆಯಷ್ಟು ಹತ್ತಿರ ಹೋಗಬೇಕು, ತಾಗಬಾರದು. ಎಪ್ಸ್ ದೂರದಲ್ಲಿ ಕಂಡರೆ ಇವರು ಚಾಟಿ ಬೀಸುತ್ತಿದ್ದರು, ಉಳಿದವರು ಮೈ ಹೊರಳಿಸಿ ಚೀರುತ್ತಿದ್ದರು. ಒಬ್ಬರ ಮೈಗೂ ತಾಗಿರುವುದಿಲ್ಲ. ಪ್ಯಾಟ್ಸಿ ಅನ್ನುವ ಯುವತಿ ಎಪ್ಸ್‌ಗೆ ಕೇಳುವ ಹಾಗೆ, ಈ ಮೇಸ್ತ್ರಿ ಯಾವ ಹೊತ್ತೂ ಹೊಡೀತಾನೇ ಇರ್ತಾನೆ ಅಂತ ಗೊಣಗುತ್ತಿದ್ದಳು. ಮುದುಕ ಅಂಕಲ್ ಏಬ್ರಮ್ ಪ್ರಾಮಾಣಿಕ ಮುಖ ಹೊತ್ತು, ಜನರಲ್ ಜಾಕ್ಸನ್ ನ್ಯೂ ಆರ್ಲಿಯನ್ಸ್‌ನಲ್ಲಿ ಶತ್ರುಗಳಿಗೂ ಹೀಗೆ ಬಾರಿಸಿರಲಿಕ್ಕಿಲ್ಲ ಅನ್ನುತ್ತಿದ್ದ.

ಆದರೆ ಎಪ್ಸ್ ಪಕ್ಕದಲ್ಲೇ ನಿಂತಾಗ ಈ ವಿದ್ಯೆ ನಡೆಯುವುದಿಲ್ಲ. ಪ್ಯಾಟ್ಸಿ ಹತ್ತಿ ಬಿಡಿಸುವುದರಲ್ಲಿ ಎತ್ತಿದ ಕೈ. ಬೇರೆಯವರು ದಿನಕ್ಕೆ 200 ಪೌಂಡ್ ಬಿಡಿಸಿದರೆ ಅವಳು 500. ಕೆಲಸದ ಲೆಕ್ಕದಲ್ಲಿ ಆ ಹೊಲಕ್ಕೆ ಅವಳೇ ಮೊದಲು. ಎಪ್ಸ್‌ನ ಕಣ್ಣು ಅವಳ ಮೇಲಿತ್ತು. ಅದಕ್ಕೆ ಅವನ ಹೆಂಡತಿಗೆ ಅವಳನ್ನು ಕಂಡರಾಗದು. ಒಂದು ಭಾನುವಾರ ಪ್ಯಾಟ್ಸಿ ಹೇಳದೆ ಪಕ್ಕದ ಶಾ ಅನ್ನುವ ಬಿಳಿ ತೋಟಗಾರನ ಮನೆಗೆ ಹೋಗಿ ಬಂದಳು. ಶಾ ಹೆಂಡತಿ ಹ್ಯಾರಿಯೆಟ್ ಕಪ್ಪು ಹೆಂಗಸು. ಪ್ಯಾಟ್ಸಿ ಅಂದರೆ ಅವಳಿಗೆ ಅಕ್ಕರೆ.

ಎಪ್ಸ್ ನಾಲ್ಕು ಗೂಟ ನೆಡಿಸಿ ಪ್ಯಾಟ್ಸಿಯ ಕೈಕಾಲು ಕಟ್ಟಿಸಿದ. ಚಾಟಿಯನ್ನು ನಾರ್ಥಪ್ ಕೈಗೆ ಕೊಟ್ಟ. ಅವರು 30ಕ್ಕೂ ಜಾಸ್ತಿ ಏಟು ಹೊಡೆದರು. ಆಮೇಲೆ, ಏನು ಬೇಕಾದರೂ ಮಾಡಿ, ಇನ್ನು ಆಗಲ್ಲ ಅಂತ ಚಾಟಿ ಬಿಸಾಕಿದರು. ಉಳಿದದ್ದನ್ನು ಎಪ್ಸ್ ಹೊಡೆದ.

ಗೂಟಕ್ಕೆ ಕಟ್ಟುವ ಮೊದಲು ಅವನು ಎಲ್ಲಿಗೆ ಹೋಗಿದ್ದೆ, ಯಾಕೆ ಹೋಗಿದ್ದೆ ಅಂತ ಕೇಳಿದ್ದ. ಅವಳು ಹೇಳಿದಳು: ಅಮ್ಮಾವ್ರು ಉಳಿದವರಿಗೆಲ್ಲ ಸೋಪು ಕೊಡ್ತಾರೆ, ನನಗೆ ಕೊಡಲ್ಲ. ಯಾಕೆ ಅಂತ ನಿಮಗೂ ಗೊತ್ತು. ಹ್ಯಾರಿಯೆಟ್ ಹತ್ತಿರ ಒಂದು ತುಂಡು ಕೇಳೋಕೆ ಹೋಗಿದ್ದೆ. ಹೇಳುತ್ತಲೇ ಬಟ್ಟೆಯ ಜೇಬಿಗೆ ಕೈ ಹಾಕಿ, ಆ ಸೋಪಿನ ತುಂಡು ತೆಗೆದು ತೋರಿಸಿದಳು.